ಹಗ್ಗ ಹಿಡಿದು ಕೂತವಳ ಎರಡು ಮಾತು

ವೇದಿಕೆಯ ನಡುವೆ, ಎಲ್ಲರಿಗಿಂತ ಎತ್ತರದ ಬೆನ್ನಿನ ಕುರ್ಚಿಯಲ್ಲಿ ಕೂತಿರುವ ಕಂಪನಿಯ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಕೂತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಮುಖ್ಯ ಅತಿಥಿಗಳೇ, ಆಚೆ ಪಕ್ಕದಲ್ಲಿರುವ, ಯಾರೆಂದು ನನಗೆ ಯಾರೂ ಹೇಳದ ಮಹನೀಯರೇ, ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೈ ಅಲುಗಿಸದೆ ಕೂತಿರುವ ಹಳೇ ಕಾರಿನ ಸಂಘದ ಹನ್ನೊಂದು ಮಂದಿ ಮುದುಕರೇ, ಅವರ ನಡುವೆ ಕೂತಿರುವ ನಮ್ಮ ಯಜಮಾನರೇ, ಹಿಂದಿನ ಸಾಲಿನಲ್ಲಿ ಈಗಲೇ ಮುಖ ಮುಚ್ಚಿಕೊಂಡಿರುವ ನನ್ನ ಮಗಳೇ, ಮತ್ತು ಕಾರು ನೋಡಲು ಬಂದು ನನ್ನನ್ನು ನೋಡುವಂತಾದ ಸಭಿಕರೇ,

ನನಗೆ ಎರಡು ನಿಮಿಷ ಕೊಟ್ಟಿದ್ದಾರೆ. ಏನು ಹೇಳಬೇಕೆಂದು ಬರೆದೂ ಕೊಟ್ಟಿದ್ದಾರೆ. 'ಈ ಕಂಪನಿಯ ಕಾರು ನಮ್ಮ ಕುಟುಂಬದ ಸದಸ್ಯ' ಎಂದು ಅದರ ಮೊದಲ ಸಾಲು. ನಾನು ಹಳ್ಳಿಯ ಶಾಲೆಯಲ್ಲಿ ಮೂರನೇ ತರಗತಿವರೆಗೆ ಓದಿದವಳು. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟುಕೊಂಡು ಹೋಗಬೇಕು. ಇದನ್ನು ಪೂರ್ತಿ ಓದುತ್ತ ನಿಂತರೆ ನಿಮ್ಮ ಹೊಸ ಕಾರು ಹಳೇದಾಗುತ್ತದೆ. ಆದ್ದರಿಂದ ಮಡಚಿ ಕೈಚೀಲದೊಳಗೆ ಇಡುತ್ತಿದ್ದೇನೆ. ಕೈಚೀಲದಲ್ಲಿ ಇನ್ನೊಂದು ವಸ್ತುವೂ ಇದೆ. ಅದರ ವಿಷಯ ಆಮೇಲೆ.

ಇವತ್ತಿನ ಸನ್ಮಾನ ನನಗಲ್ಲ, ಯಜಮಾನರಿಗೆ. ನಲವತ್ತಾರು ವರ್ಷ ಒಂದೇ ಕಂಪನಿಯ ಒಂದೇ ಕಾರನ್ನು ಓಡಿಸಿದ ಅತ್ಯಂತ ನಿಷ್ಠಾವಂತ ಗ್ರಾಹಕ ಎಂದು ಇವರನ್ನು ಕರೆದಿದ್ದಾರೆ. ಆ ಹಳೇ ಕಾರನ್ನು ಕಂಪನಿಗೆ ಕೊಡುವುದು, ಅದನ್ನು ಅವರು ಕಚೇರಿಯ ಬಾಗಿಲಲ್ಲಿ ಗಾಜಿನ ಕೋಣೆ ಕಟ್ಟಿ ಅದರೊಳಗೆ ಇಡುವುದು, ಬದಲಿಗೆ ಇಗೋ ಈ ರೇಷ್ಮೆ ಬಟ್ಟೆ ಮುಚ್ಚಿಕೊಂಡು ನನ್ನ ಬೆನ್ನ ಹಿಂದೆ ನಿಂತಿರುವ ಹೊಸ ಕಾರನ್ನು ನಮಗೆ ಕೊಡುವುದು. ಇದು ಒಪ್ಪಂದ. ಹಾಗಾದರೆ ಮಾತಾಡಬೇಕಾದವರು ಯಾರು? ಯಜಮಾನರು. ಮಾತಾಡುತ್ತಿರುವವಳು ಯಾರು? ನಾನು. ಯಾಕೆಂದು ಕೇಳಿ.

ನಮ್ಮ ಯಜಮಾನರು ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದರು. ದಿನವಿಡೀ ಪೆನ್ಸಿಲು, ಸ್ಕೇಲು, ಮೌನ. ಮನೆಗೆ ಬಂದರೆ ಊಟ, ಪೇಪರು, ಮೌನ. ಮದುವೆಯಾದ ಮೊದಲ ವರ್ಷ ನಾನು ಈ ಮನುಷ್ಯನಿಗೆ ನಾಲಿಗೆ ಇದೆಯೋ ಇಲ್ಲವೋ ಎಂದು ಅನುಮಾನಪಟ್ಟಿದ್ದೇನೆ. ಹಲ್ಲಿನ ಡಾಕ್ಟರು ಇಲ್ಲೇ ಕೂತಿದ್ದಾರೆ, ಆಗ ಡಾಕ್ಟರಿಗೆ ಇನ್ನೂ ಕೂದಲಿತ್ತು, ಅವರನ್ನೇ ಕೇಳಿದ್ದೆ. 'ನಾಲಿಗೆ ಇದೆ ಅತ್ತಿಗೆ, ನಾನೇ ನೋಡಿದೀನಿ' ಎಂದರು.

ಎರಡನೇ ವರ್ಷ ಕಾರು ಬಂತು. ಕಾರಿನಲ್ಲಿ ಕೂತು ಚಕ್ರ ಹಿಡಿದು ದಾರಿ ನೋಡಲು ಶುರು ಮಾಡಿದ್ದೇ ತಡ, ಸಭಿಕರೇ, ನಲ್ಲಿ ಬಿಚ್ಚಿದ ಹಾಗೆ ಮಾತು. ಕಚೇರಿಯ ಮಾತು, ಅವರ ಅಮ್ಮನ ಮಾತು, ಚಿಕ್ಕಂದಿನಲ್ಲಿ ಏಣಿಯಿಂದ ಬಿದ್ದ ಮಾತು. ನನ್ನ ಮುಖ ನೋಡಬೇಕಾಗಿಲ್ಲವಲ್ಲ, ದಾರಿ ನೋಡಿದರೆ ಸಾಕಲ್ಲ. ಕಾರು ನಿಲ್ಲಿಸಿ ಕೀಲಿ ತೆಗೆದರೆ ಬಾಯಿಯೂ ಬಂದ್. ಅರ್ಧಕ್ಕೆ ನಿಂತ ಮಾತು ಕೇಳಬೇಕೆಂದರೆ ಮುಂದಿನ ಭಾನುವಾರದವರೆಗೆ ಕಾಯಬೇಕಾಗಿತ್ತು. ಮನೆಯಲ್ಲಿ ಸಕ್ಕರೆ ಇದ್ದರೂ ಸಕ್ಕರೆ ಮುಗಿಯಿತು ಎಂದು ನಾನು ಎಷ್ಟು ಸಲ ಹೇಳಿದ್ದೇನೆ ಎನ್ನುವುದು ನಮ್ಮ ಮನೆಯ ಸಕ್ಕರೆ ಡಬ್ಬಿಗೆ ಗೊತ್ತು. ಇದನ್ನು ಇಲ್ಲಿ ಹೇಳಬೇಕೆಂದುಕೊಂಡಿರಲಿಲ್ಲ. ಇರಲಿ.

ನಿರೂಪಣೆ ಮಾಡುವ ಹುಡುಗಿ ಪರದೆಯ ಹಿಂದಿನಿಂದ ನನಗೆ ಕೈ ಮಾಡುತ್ತಿದ್ದಾಳೆ. ಎರಡು ನಿಮಿಷ ಆಯಿತೇನಮ್ಮ? ಇಲ್ಲವೇ? ಎರಡೂ ಕೈ ಚಾಚಿ ಅಗಲ ಮಾಡುತ್ತಿದ್ದಾಳೆ. ಉದ್ದ ಮಾಡಿ ಎಂದು ಅರ್ಥವಂತೆ. ಹೊರಗಡೆ ನಮ್ಮ ಕಾರು ಸ್ಟಾರ್ಟ್ ಆಗುತ್ತಿಲ್ಲವಂತೆ. ಆಗಲಿ ಮಗು, ಉದ್ದ ಮಾಡುವುದು ನನಗೆ ಕಷ್ಟವಲ್ಲ.

ಕಾರಿನ ವಿಷಯಕ್ಕೆ ಬರುತ್ತೇನೆ. ಈ ಕಂಪನಿಯ ಆ ಕಾರು ಎಂಥದ್ದು? ಅಧ್ಯಕ್ಷರು ಹೇಳಿದಂತೆ ಅದು ಒಂದು ಯುಗದ ಕನಸು. ನಾನು ಆ ಕನಸಿನ ಒಳಗೆ ಕೂತಿದ್ದವಳು. ಮೊದಲನೆಯದಾಗಿ, ಮೂರನೇ ಸಲಕ್ಕಲ್ಲದೆ ಅದು ಏಳುತ್ತಿರಲಿಲ್ಲ. ಎರಡನೇ ಸಲಕ್ಕೂ ಮೂರನೇ ಸಲಕ್ಕೂ ನಡುವೆ 'ಏಳವ್ವಾ' ಎಂದು ಅಂಗಲಾಚಬೇಕಿತ್ತು. ನನಗೆ ಜ್ವರ ಬಂದು ಮಲಗಿದಾಗಲೂ ಆ ದನಿಯಲ್ಲಿ ನನ್ನನ್ನು ಎಬ್ಬಿಸಿದವರಲ್ಲ. ಬಲಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿಯೇ ಹೊಡೆದುಕೊಳ್ಳುತ್ತಿತ್ತು. ನಮ್ಮ ಬೀದಿಯವರಿಗೆಲ್ಲ ಇವರು ಯಾವಾಗ ಬಲಕ್ಕೆ ತಿರುಗಿದರು ಎನ್ನುವುದು ಗೊತ್ತಿರುತ್ತಿತ್ತು. ಎಡಕ್ಕೆ ತಿರುಗಿದರೆ ಗುಟ್ಟು. ಮಳೆ ಬಂದರೆ ಹಿಂದಿನ ಸೀಟಿನ ಒಂದೇ ಜಾಗದಲ್ಲಿ ಸೋರುತ್ತಿತ್ತು, ಆ ಜಾಗದಲ್ಲಿ ನನ್ನ ಮಗಳು ತಂಬಿಗೆ ಹಿಡಿದು ಕೂತು ಮಗ್ಗಿ ಕಲಿತಳು. ಇವತ್ತಿಗೂ ಅವಳು ಹದಿಮೂರರ ಮಗ್ಗಿ ಹೇಳುವಾಗ ಕೈ ತಂಬಿಗೆ ಹಿಡಿದ ಹಾಗೇ ಇರುತ್ತದೆ. ಮುಖ ತೆಗೆಯೇ, ಎಲ್ಲರೂ ನೋಡಲಿ.

ಕೊನೆಯದು ನನ್ನ ಕಡೆಯ ಬಾಗಿಲು. ಅದು ತಿರುವಿನಲ್ಲಿ ತೆರೆದುಕೊಳ್ಳುತ್ತಿತ್ತು. ಯಜಮಾನರು ಅದನ್ನು ಬಿಚ್ಚಿದರು, ಎಣ್ಣೆ ಬಿಟ್ಟರು, ಮತ್ತೆ ಜೋಡಿಸಿದರು, ಎಷ್ಟು ಭಾನುವಾರ ಎಂದು ಕೇಳಬೇಡಿ. ಕೊನೆಗೆ ಒಂದು ಹಗ್ಗ ತಂದು ಹಿಡಿಕೆಗೆ ಕಟ್ಟಿ ಅದರ ತುದಿಯನ್ನು ನನ್ನ ಕೈಗೆ ಕೊಟ್ಟು, 'ತಿರುವು ಬಂದಾಗ ಎಳ್ಕೋ, ಅಷ್ಟೆ' ಎಂದರು. ತಾಳಿ ಕಟ್ಟಿದಾಗಲೂ ಇಷ್ಟು ಗಂಭೀರವಾಗಿ ಏನನ್ನೂ ಒಪ್ಪಿಸಿದವರಲ್ಲ.

ಒಂದು ದಿನ ಬ್ಯಾಂಕಿನ ತಿರುವಿನಲ್ಲಿ ನಾನು ಹಗ್ಗ ಬಿಟ್ಟು ಕನ್ನಡಕ ಒರೆಸುತ್ತಿದ್ದೆ. ಬಾಗಿಲು ತೆರೆಯಿತು, ನಾನು ಬಿದ್ದೆ. ಮರಳಿನ ರಾಶಿ ಇತ್ತು, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಕಾರು ಮುಂದೆ ಹೋಯಿತು. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು, ನನ್ನನ್ನು ಇಳಿಸುವುದಕ್ಕೇ ಕಾದಿದ್ದ ಹಾಗೆ. ಎರಡು ಫರ್ಲಾಂಗು ಹೋಗುವವರೆಗೆ ಇವರು ಖಾಲಿ ಸೀಟಿನ ಜೊತೆ ಮಾತಾಡುತ್ತಲೇ ಇದ್ದರಂತೆ. ಆಮೇಲೆ ತಿರುಗಿ ಬಂದರು. ನಾನು ಮರಳಿನ ಮೇಲೆ ಕೂತಿದ್ದೆ. ಇಳಿದು ಬಂದು ಕೇಳಿದ ಮೊದಲ ಮಾತು ಯಾವುದು, ಊಹಿಸಿ. 'ಬಾಗಿಲಿಗೆ ಏನೂ ಆಗಿಲ್ಲ ತಾನೆ?' ಎರಡನೇ ಮಾತು, 'ನಾನು ಹೇಳಿದ್ದು ಎಲ್ಲೀವರೆಗೆ ಕೇಳಿಸಿಕೊಂಡೆ?'

ನಗಿ, ನಗಿ. ಮುಖ್ಯ ಅತಿಥಿಗಳೂ ನಕ್ಕರು, ಒಳ್ಳೆಯದಾಯಿತು.

ಯಜಮಾನರೂ ಸೇರಿ ಈ ಹನ್ನೆರಡು ಮಂದಿ ಪ್ರತಿ ಭಾನುವಾರ ನಮ್ಮ ಶೆಡ್ಡಿನ ಮುಂದೆ ಸೇರುತ್ತಾರೆ. ಇದೇ ಕಂಪನಿಯ ಇದೇ ಮಾದರಿಯ ಕಾರುಗಳು ಹನ್ನೆರಡು, ಓಡುವುದು ಐದು, ಉಳಿದವನ್ನು ತಳ್ಳಿಕೊಂಡು ಬರುತ್ತಾರೆ. ಬಂದವರು ಸವಾರಿ ಹೋಗುತ್ತಾರೆಯೇ? ಇಲ್ಲ. ಬಾನೆಟ್ ಎತ್ತುತ್ತಾರೆ. ಹನ್ನೆರಡೂ ತಲೆಗಳು ಒಂದೇ ಬಾನೆಟ್ಟಿನೊಳಗೆ ಹೋಗುತ್ತವೆ. ಹಿಂದಿನಿಂದ ನೋಡಿದರೆ ಬಾವಿಯಲ್ಲಿ ಏನೋ ಬಿದ್ದಿರಬೇಕು ಎನ್ನಿಸುತ್ತದೆ. ನಿವೃತ್ತ ಹೆಡ್‌ಮಾಸ್ಟರು ಸದ್ದು ಕೇಳಿ ರೋಗ ಹೇಳುತ್ತಾರೆ, ಹಲ್ಲಿನ ಡಾಕ್ಟರು ಚಿಕ್ಕ ಕನ್ನಡಿ ತಂದು ಎಂಜಿನ್ನಿನ ಸಂದುಗಳನ್ನು ನೋಡುತ್ತಾರೆ. ನಾನು ಟಾರ್ಚು ಹಿಡಿಯುತ್ತೇನೆ. ಅದೇನೂ ದೊಡ್ಡ ಕೆಲಸವಲ್ಲ. ಆದರೆ ಸಭಿಕರೇ, ಕೆಲಸ ಮಾಡುವವನಿಗೆ ಒಂದು ಬೋಲ್ಟು ಕಾಣುತ್ತದೆ, ಟಾರ್ಚು ಹಿಡಿದವಳಿಗೆ ಎಲ್ಲವೂ ಕಾಣುತ್ತದೆ.

ಹೀಗಿರುವಾಗ ಎರಡು ವರ್ಷದ ಹಿಂದೆ ಕಂಪನಿಯವರು ಬಂದರು. ಮೂವರು. ನಮ್ಮ ಹಳೇ ಗ್ರಾಹಕರ ಮನಸ್ಸಿನಲ್ಲಿ ಏನಿದೆ ತಿಳಿದುಕೊಂಡು ಅದರಂತೆ ಹೊಸ ಕಾರು ಮಾಡುತ್ತೇವೆ ಎಂದರು. ಎಂಥ ದೊಡ್ಡ ಮಾತು. ನನ್ನ ಮನಸ್ಸಿನಲ್ಲಿ ಏನಿದೆ ಎಂದು ನಮ್ಮ ಮನೆಯಲ್ಲೇ ಯಾರೂ ಕೇಳಿಲ್ಲ. ಹನ್ನೆರಡು ಮುದುಕರನ್ನೂ ಸಾಲಾಗಿ ಕೂರಿಸಿ, 'ನಮ್ಮ ಕಾರಿನಲ್ಲಿ ನಿಮಗೆ ಅತಿ ಪ್ರಿಯವಾದದ್ದು ಯಾವುದು?' ಎಂದು ಕೇಳಿದರು.

ಹೆಡ್‌ಮಾಸ್ಟರು ಎದ್ದು ನಿಂತು ಹಾರ್ನಿನ ವಿಷಯ ಹೇಳಿದರು. ಆ ಸದ್ದನ್ನೂ ಬಾಯಲ್ಲೇ ಮಾಡಿ ತೋರಿಸಿದರು. ಡಾಕ್ಟರು ಸೋರುವ ಜಾಗದ ವಿಷಯ ಹೇಳಿದರು. ಇನ್ನೊಬ್ಬರು ಮೂರನೇ ಸಲಕ್ಕೆ ಏಳುವುದನ್ನು ಹೇಳಿದರು. ನಮ್ಮವರು ನನ್ನ ಬಾಗಿಲಿನ ಹಗ್ಗದ ವಿಷಯ ಹೇಳಿದರು. ಒಬ್ಬರಾದರೂ ಕೂರಲು ಸುಖ, ಓಡಲು ನಯ ಎಂದು ಹೇಳಿದರೇ? ಹೇಳಲಿಲ್ಲ. ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟುಕೊಂಡು ನಾನು ಕೇಳುತ್ತಿದ್ದೆ. ಬರೆದುಕೊಳ್ಳುತ್ತಿದ್ದ ಹುಡುಗಿ ನೀರು ಕುಡಿಯಲು ಒಳಗೆ ಬಂದಳು.

'ಅವರು ಹೇಳಿದ್ದು ಬರ್ಕೋಬೇಡಮ್ಮ' ಎಂದೆ.

'ಯಾಕಜ್ಜಿ?'

'ಅವರು ಕಾಯಿಲೆ ಹೇಳ್ತಿದಾರೆ. ನೀನು ಗುಣ ಅಂತ ಬರ್ಕೋತಿದೀಯ.'

'ಅಜ್ಜಿ, ಗ್ರಾಹಕರು ಹೇಳಿದ್ದನ್ನ ನಾವು ಬದಲಾಯಿಸೋ ಹಾಗಿಲ್ಲ' ಎಂದಳು ಪಾಪ. 'ನಿಮಗೇನಿಷ್ಟ ಹೇಳಿ, ಅದನ್ನೂ ಸೇರಿಸ್ತೀನಿ.'

'ನಾನು ಗ್ರಾಹಕಳಲ್ಲ, ಹಗ್ಗ ಹಿಡಿಯೋಳು' ಎಂದೆ. ಅದನ್ನೂ ಬರೆದುಕೊಂಡಳೇನೋ.

ಕಳೆದ ತಿಂಗಳು ನಮ್ಮಿಬ್ಬರನ್ನು ಶೋರೂಮಿಗೆ ಕರೆದು ಈ ಹೊಸ ಕಾರನ್ನು ತೋರಿಸಿದರು. ರೇಷ್ಮೆ ಬಟ್ಟೆ ತೆಗೆಯುವ ಮೊದಲೇ ನಾನು ಹೇಳಿಬಿಟ್ಟರೆ ಅಧ್ಯಕ್ಷರು ಬೇಸರ ಮಾಡಿಕೊಳ್ಳಬಾರದು. ಇದು ಗುಂಡಿ ಒತ್ತಿದರೆ ಸ್ಟಾರ್ಟ್ ಆಗುತ್ತದೆ, ಮೂರನೇ ಸಲಕ್ಕೆ. ಬಲಕ್ಕೆ ತಿರುಗಿದರೆ ಸಣ್ಣದಾಗಿ, ಬಹಳ ಮರ್ಯಾದೆಯಿಂದ ಹಾರ್ನ್ ಹೊಡೆಯುತ್ತದೆ. ಮಳೆ ಬಂದರೆ ಹಿಂದಿನ ಸೀಟಿನ ಮೇಲೆ, ಒಂದು ಗುಂಡಿ ಒತ್ತಿದವರಿಗೆ ಮಾತ್ರ, ಗುಲಾಬಿ ವಾಸನೆಯ ನೀರು ಹನಿಹನಿಯಾಗಿ ಬೀಳುತ್ತದೆ. ಅದನ್ನು ಹಿಡಿಯಲು ಒಂದು ಬಟ್ಟಲನ್ನೂ ಕೂರಿಸಿದ್ದಾರೆ. ನನ್ನ ಕಡೆಯ ಬಾಗಿಲಿಗೆ ಹಗ್ಗ ಇದೆ. ಚರ್ಮದ್ದು. ಕೈಯಿಂದ ಹೊಲಿದದ್ದಂತೆ. ಎಳೆದರೂ ಎಳೆಯದಿದ್ದರೂ ಬಾಗಿಲು ತೆರೆಯುವುದಿಲ್ಲ. ಹಾಗಾದರೆ ಹಗ್ಗ ಯಾಕೆ ಎಂದು ಕೇಳಿದೆ. 'ನೆನಪಿಗೆ ಅಜ್ಜಿ' ಎಂದರು ಮಾರುವವರು. ನೆನಪಿಗೆ ನನ್ನ ಮೊಣಕೈಯಲ್ಲಿ ಮರಳಿನ ಗಾಯದ ಕಲೆ ಇದೆಯಪ್ಪ ಎಂದೆ.

ನಮ್ಮವರನ್ನು ಚಕ್ರದ ಮುಂದೆ ಕೂರಿಸಿದರು, ನನ್ನನ್ನು ಪಕ್ಕಕ್ಕೆ. ಸ್ವಲ್ಪ ದೂರ ಹೋದೆವು. ಸಭಿಕರೇ, ಆ ಕಾರಿನೊಳಗೆ ಒಬ್ಬಳು ಹೆಂಗಸು ಮಾತಾಡುತ್ತಾಳೆ. ಎಲ್ಲಿದ್ದಾಳೋ ಕಾಣುವುದಿಲ್ಲ. ಎಡಕ್ಕೆ ತಿರುಗಿ, ನಿಧಾನ, ಮುಂದೆ ಶಾಲೆ ಇದೆ, ನಿಮಗೆ ಆಯಾಸವಾಗಿರಬಹುದು. ಬಾಯಿ ಮುಚ್ಚುವವಳೇ ಅಲ್ಲ. ನಮ್ಮವರು ದಾರಿಯುದ್ದಕ್ಕೂ ಒಂದೇ ಒಂದು ಮಾತಾಡಲಿಲ್ಲ. ಅವಳು ಮಾತಾಡುವಾಗ ನಡುವೆ ಬಾಯಿ ಹಾಕುವ ಸ್ವಭಾವ ಅವರದ್ದಲ್ಲ. ನಾನು ಚರ್ಮದ ಹಗ್ಗ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ.

ವಾಪಸು ಬಂದು ಇಳಿದ ಮೇಲೆ ಯಜಮಾನರು ಮುಂದೆ ಹೋಗಿ ಬಾನೆಟ್ಟಿನ ಅಂಚಿಗೆ ಬೆರಳು ಹಾಕಿದರು. ಅಂಚೇ ಇಲ್ಲ.

'ಇದನ್ನ ತೆಗೀರಿ' ಎಂದರು. 'ಹಾರ್ನ್ ಯಾಕೆ ಹೊಡ್ಕೋತಿದೆ ಅಂತ ನೋಡೋಣ.'

'ಅದು ಕೆಟ್ಟಿಲ್ಲ ಸರ್. ಹಾಗೇ ಮಾಡಿರೋದು.'

'ಕೆಟ್ಟಿಲ್ವಾ?'

'ಇಲ್ಲ ಸರ್. ಇದು ತೆರೆಯೋದೂ ಇಲ್ಲ. ಕೆಡೋದೇ ಇಲ್ವಲ್ಲ, ತೆರೆಯೋದು ಯಾಕೆ?'

ಮನೆಗೆ ಬಂದು ಯಜಮಾನರು ಕುರ್ಚಿಯಲ್ಲಿ ಕೂತರು. ಮನೆಯೊಳಗೆ, ಕಾರಿನಲ್ಲಲ್ಲ, ತಾವಾಗಿಯೇ ಬಾಯಿ ಬಿಟ್ಟು ಹೇಳಿದರು. 'ಕೆಡೋದೇ ಇಲ್ವಂತೆ ಕಣೇ.' ಯಾರೋ ತೀರಿಕೊಂಡ ಸುದ್ದಿ ಹೇಳುವ ಹಾಗೆ ಹೇಳಿದರು.

ಅಧ್ಯಕ್ಷರೇ, ನಿಷ್ಠಾವಂತ ಗ್ರಾಹಕರು ಯಾಕೆ ಮುಖ ತಿರುಗಿಸುತ್ತಿದ್ದಾರೆ ಎಂದು ನಿಮ್ಮ ಭಾಷಣದಲ್ಲಿ ನೀವೇ ಕೇಳಿದಿರಿ. ದೊಡ್ಡ ದೊಡ್ಡ ಓದು ಓದಿದವರನ್ನು ಇಟ್ಟುಕೊಂಡು ಕಾರಣ ಹುಡುಕಿಸುತ್ತಿದ್ದೇವೆ ಎಂದೂ ಹೇಳಿದಿರಿ. ಈ ಸಾಲಿನಲ್ಲಿ ಕೂತಿರುವವರ ಕೈಗಳನ್ನು ನೋಡಿ. ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ, ಎಲ್ಲಿಡಬೇಕೆಂದು ತಿಳಿಯದೆ.

ಆ ತಿಂಗಳಿಂದ ನಮ್ಮ ಮನೆಯ ಪರಿಸ್ಥಿತಿ ಹೇಳುತ್ತೇನೆ. ಹಳೇ ಕಾರನ್ನು ಕಂಪನಿಗೆ ಕೊಟ್ಟಾಯಿತು, ಇನ್ನು ಅದನ್ನು ಮುಟ್ಟಬಾರದು ಎಂದು ಯಜಮಾನರು ಶೆಡ್ಡಿಗೆ ಬೀಗ ಹಾಕಿದರು. ಮೊದಲು ಇಸ್ತ್ರಿ ಪೆಟ್ಟಿಗೆ ಬಿಚ್ಚಿದರು. ಆಮೇಲೆ ಮಿಕ್ಸಿ. ಆಮೇಲೆ ಗೋಡೆ ಗಡಿಯಾರ, ಬಚ್ಚಲಿನ ನಲ್ಲಿ, ಮುಂಬಾಗಿಲಿನ ಚಿಲಕ. ಬಿಚ್ಚುತ್ತಾರೆ, ಒರೆಸುತ್ತಾರೆ, ಜೋಡಿಸುತ್ತಾರೆ, ಎರಡು ಸ್ಕ್ರೂ ಉಳಿಯುತ್ತವೆ. ಈಗ ಮಿಕ್ಸಿ ಹಚ್ಚಿದರೆ ಗಡಿಯಾರದ ಸದ್ದು ಬರುತ್ತದೆ. ಮೊನ್ನೆ ಬೆಳಿಗ್ಗೆ ಲೋಟದಲ್ಲಿದ್ದ ನನ್ನ ಹಲ್ಲಿನ ಸೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕೈಯಲ್ಲಿ ಸಣ್ಣ ಸ್ಪ್ಯಾನರು.

'ರೀ, ಬೇಡ ಅಂತ ಹೇಳಿಬಿಡಿ ಅವರಿಗೆ' ಎಂದೆ.

'ಮಾತು ಕೊಟ್ಟಿದೀನಿ' ಎಂದರು. 'ಸಹಿ ಹಾಕಿದೀನಿ.'

ಅಷ್ಟೆ. ಕೊಟ್ಟ ಮಾತಿಗೆ ಇವರು ಎಷ್ಟು ನಿಲ್ಲುತ್ತಾರೆ ಎಂದರೆ, ಒಮ್ಮೆ ಐದು ಗಂಟೆಗೆ ಬರುತ್ತೇನೆ ಎಂದವರು ನಾಲ್ಕೂ ಮುಕ್ಕಾಲಿಗೆ ಬಂದು ಗೇಟಿನ ಹೊರಗೇ ಕಾಲು ಗಂಟೆ ನಿಂತಿದ್ದರು.

ಇದೇನು ಮಗು, ಮತ್ತೆ ಕೈ ಅಗಲ ಮಾಡುತ್ತಿದ್ದೀಯ? ಇನ್ನೂ ಆಗಿಲ್ಲವೇ? ವೇದಿಕೆಗೆ ಹಾಕಿರುವ ಈ ಹಲಗೆಯ ಇಳಿಜಾರನ್ನು ನೀವೆಲ್ಲ ನೋಡುತ್ತಿದ್ದೀರಿ. ನಮ್ಮ ಕಾರು ಹತ್ತಿ ಬರಲೆಂದು ಕಟ್ಟಿದ್ದು. ಬಿಳಿ ಕೈಗವಸು ಹಾಕಿಕೊಂಡ ನಾಲ್ಕು ಮಂದಿ ಅರ್ಧ ಗಂಟೆಯಿಂದ ಹೊರಗೆ ಪ್ರಯತ್ನ ಮಾಡುತ್ತಿದ್ದಾರೆ. ನಾನು ಬರುವಾಗ ನೋಡಿದೆ, ಒಂದು ಕಂಪ್ಯೂಟರಿನ ವೈರು ಹಿಡಿದು ನಮ್ಮ ಕಾರಿನ ಸುತ್ತ ತಿರುಗುತ್ತಿದ್ದರು, ಎಲ್ಲಿ ಚುಚ್ಚಬೇಕೆಂದು. ಅದಕ್ಕೆ ಚುಚ್ಚುವ ತೂತೇ ಇಲ್ಲಪ್ಪ. ನಮ್ಮವರನ್ನು ಕರೆದು ಕೇಳಬಹುದಿತ್ತು. ಸನ್ಮಾನಿತರು ಕೈ ಮಸಿ ಮಾಡಿಕೊಳ್ಳಬಾರದು ಎಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದಾರೆ.

ಈಗ ಕೈಚೀಲದ ವಿಷಯ.

ಆ ಒಪ್ಪಂದದ ಕಾಗದವನ್ನು ಯಜಮಾನರು ಓದದೆ ಸಹಿ ಮಾಡಿದರು. ಅವರಿಗೆ ಓದು ಸರಾಗ, ಒಮ್ಮೆ ಕಣ್ಣಾಡಿಸಿದರೆ ಸಾಕು. ಕಂಪನಿಯವರೂ ಓದಿರಲಿಕ್ಕಿಲ್ಲ, ಬರೆದವರು ಅವರೇ ಅಲ್ಲವೇ. ನಾನು ನಾಲ್ಕು ದಿನ ಓದಿದೆ, ಬೆರಳಿಟ್ಟುಕೊಂಡು. ಮೂರನೇ ಹಾಳೆಯ ಕೆಳಗೆ ಹೀಗಿದೆ: 'ಹಳೆಯ ವಾಹನವು ಸದರಿ ಸಮಾರಂಭ ಮುಗಿಯುವುದರೊಳಗಾಗಿ ಸ್ವಂತ ಬಲದಿಂದ ಚಲಿಸಿ ವೇದಿಕೆಯನ್ನು ಏರತಕ್ಕದ್ದು. ತಪ್ಪಿದಲ್ಲಿ ಈ ಒಪ್ಪಂದವು ತಾನಾಗಿಯೇ ರದ್ದಾಗತಕ್ಕದ್ದು.' ತಕ್ಕದ್ದು, ತಕ್ಕದ್ದು. ಎಷ್ಟು ಚಂದದ ಮಾತು.

ಮತ್ತೆ ಇವತ್ತಿನ ಕಾರ್ಯಕ್ರಮದ ಪಟ್ಟಿ ನೋಡಿ. ಕೊನೆಯ ಸಾಲು, 'ಸನ್ಮಾನಿತರ ಪತ್ನಿಯಿಂದ ಎರಡು ಮಾತು ಹಾಗೂ ವಂದನಾರ್ಪಣೆ. ಸಮಾರಂಭದ ಮುಕ್ತಾಯ.' ನಾನು ನಮಸ್ಕಾರ ಎಂದರೆ ಸಭೆ ಮುಗಿಯಿತು.

ಅಧ್ಯಕ್ಷರು ಈಗ ಪಕ್ಕದವರ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ. ಆ ಯಾರೆಂದು ತಿಳಿಯದ ಮಹನೀಯರು ವಕೀಲರಿರಬೇಕು, ತಲೆ ಅಲ್ಲಾಡಿಸುತ್ತಿದ್ದಾರೆ. ಇಗೋ ಇದು ನೋಡಿ. ಕಂದು ಬಣ್ಣ, ನನ್ನ ಹೆಬ್ಬೆರಳಿನಷ್ಟು. ಇದಕ್ಕೆ ರೋಟರ್ ಎನ್ನುತ್ತಾರೆ. ಎಂಜಿನ್ನಿನ ಮೇಲೆ ಒಂದು ಮುಚ್ಚಳವಿದೆ, ಅದರ ಕೆಳಗೆ ಇದು ಕೂರುತ್ತದೆ. ಇದಿಲ್ಲದಿದ್ದರೆ ಕಾರು ಕೆಮ್ಮುತ್ತದೆಯೇ ಹೊರತು ಏಳುವುದಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಕಾರು ನಿಲ್ಲಿಸಿದಾಗ, ಕಳ್ಳರು ಒಯ್ಯದಿರಲಿ ಎಂದು ಯಜಮಾನರು ಇದನ್ನು ತೆಗೆದು ನನ್ನ ಕೈಚೀಲದಲ್ಲಿ ಹಾಕುತ್ತಿದ್ದರು. ನಲವತ್ತಾರು ವರ್ಷದ ಅಭ್ಯಾಸ. ಇವತ್ತು ಕಾರನ್ನು ಕಂಪನಿಯವರೇ ಲಾರಿಯಲ್ಲಿ ತಂದಿಳಿಸಿದರು, ಯಜಮಾನರು ಇದನ್ನು ತೆಗೆಯಲಿಲ್ಲ. ಅವರ ಫೋಟೋ ತೆಗೆಯುತ್ತಿದ್ದಾಗ ನಾನು ತೆಗೆದೆ. ಟಾರ್ಚು ಹಿಡಿದವಳಿಗೆ ಎಲ್ಲವೂ ಕಾಣುತ್ತದೆ ಎಂದು ಆಗಲೇ ಹೇಳಿದ್ದೆನಲ್ಲ.

ಒಂದು ಮಾತು. ಹೊರಗೆ ಕಾರು ಕೆಮ್ಮುತ್ತಿರುವುದು ಅರ್ಧ ಗಂಟೆಯಿಂದ ಈ ಸಭಾಂಗಣದೊಳಗೆ ಕೇಳುತ್ತಿದೆ. ಆ ಕೆಮ್ಮು ಯಾತರದ್ದು ಎಂದು ಈ ಹನ್ನೆರಡು ಮಂದಿಗೂ ಮೊದಲ ಸದ್ದಿಗೇ ಗೊತ್ತಾಗಿದೆ. ಹೆಡ್‌ಮಾಸ್ಟರು ನನ್ನ ಕೈಚೀಲವನ್ನು ನೋಡಿ ಛಾವಣಿ ನೋಡಿದರು. ಯಜಮಾನರಿಗೂ ಗೊತ್ತಾಗಿದೆ. ಆದರೂ ಅವರು ಎದ್ದಿಲ್ಲ.

ರೀ, ಇಲ್ಲಿ ಬನ್ನಿ. ಮಾತು ಕೊಟ್ಟವರು ನೀವು, ನಾನಲ್ಲ. ನಿಮ್ಮ ಮಾತನ್ನು ನಾನು ಕದ್ದ ಹಾಗೆ ಆಗಬಾರದು. ತಗೊಳ್ಳಿ ಇದನ್ನ. ಹೋಗಿ ಹಾಕಿ. ಈ ಇಳಿಜಾರು ಹತ್ತಿಸಿಕೊಂಡು ಬಂದರೆ ನಾನೇ ಮೊದಲು ಚಪ್ಪಾಳೆ ಹೊಡೆಯುತ್ತೇನೆ, ಆ ಹೆಂಗಸಿನ ಕಾರಿನಲ್ಲಿ ಸುಮ್ಮನೆ ಕೂತು ಮನೆಗೆ ಬರುತ್ತೇನೆ. ನೀವು ಬರುವವರೆಗೆ ನಮಸ್ಕಾರ ಹೇಳುವುದಿಲ್ಲ. ಕೈಗವಸು ಬೇಡ ಅನ್ನಿ ಅವರಿಗೆ.

ಹೋದರು. ಓಡಿದರು ಎನ್ನಬಹುದು. ಮೊಣಕಾಲು ನೋವು ಎಂದು ಮನೆಯಲ್ಲಿ ಹಾಲು ತರಲು ಹೋಗದ ಮನುಷ್ಯ.

ಸ್ವಲ್ಪ ಸುಮ್ಮನಿರಿ ಎಲ್ಲರೂ. ಫೋಟೋದವರೇ, ಇಳಿಜಾರಿನ ಹತ್ತಿರ ನಿಂತುಕೊಳ್ಳಿ ಬೇಕಾದರೆ. ಅದು ಬಾನೆಟ್ ಮುಚ್ಚಿದ ಸದ್ದು. ಇದು ಒಂದನೇ ಸಲ. ಏಳಲಿಲ್ಲ. ಇದು ಎರಡು. ಈಗ 'ಏಳವ್ವಾ' ಅನ್ನುತ್ತಿದ್ದಾರೆ, ಇಲ್ಲಿಗೆ ಕೇಳಿಸದು. ಮೂರು.

ಎದ್ದಿತು. ನೋಡಿ, ಹನ್ನೊಂದು ಮುದುಕರೂ ನಿಂತುಬಿಟ್ಟರು. ಬಂದರೆ ಈಗ ಬರಬೇಕು. ಇಳಿಜಾರು ಎಡಕ್ಕಿದೆ, ರಸ್ತೆಯ ಗೇಟು ಬಲಕ್ಕಿದೆ.

ಹಾರ್ನ್ ಕೇಳಿಸಿತೇ?

ಕೇಳಿಸದವರಿಗಾಗಿ ಹೇಳುತ್ತೇನೆ, ನಮ್ಮ ಯಜಮಾನರು ಬಲಕ್ಕೆ ತಿರುಗಿದರು. ಜೀವಮಾನದಲ್ಲಿ ಕೊಟ್ಟ ಮಾತು ತಪ್ಪದ ಮನುಷ್ಯ. ಸಭೆ ಇನ್ನೂ ಮುಗಿದಿಲ್ಲ, ಅವರು ಗೇಟು ದಾಟಿಬಿಟ್ಟರೆ ಮಾತು ತಪ್ಪಿದಂತಾಗುತ್ತದೆ. ಅದಕ್ಕೆ ಮೊದಲೇ ಸಭೆ ಮುಗಿದರೆ ಒಪ್ಪಂದ ತಾನಾಗಿಯೇ ರದ್ದು, ಮಾತು ಉಳಿಯುತ್ತದೆ. ಆದ್ದರಿಂದ ಸಭಿಕರೇ, ನಾನು ಅವಸರದಲ್ಲಿ ಮುಗಿಸುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನನ್ನನ್ನು ಹತ್ತಿಸಿಕೊಳ್ಳದೆ ಹೋಗಿದ್ದಾರೆ, ಅದು ಅವರಿಗೆ ಇನ್ನೂ ಗೊತ್ತಾಗಿಲ್ಲ. ಈಗ ದಾರಿ ನೋಡಿಕೊಂಡು ನನ್ನ ಸೀಟಿಗೆ ಏನೋ ಹೇಳುತ್ತಿರುತ್ತಾರೆ, ಒಂದು ತಿಂಗಳಿಂದ ಕಟ್ಟಿಟ್ಟ ಮಾತು. ಎರಡು ಫರ್ಲಾಂಗಿಗೆ ತಿಳಿಯುತ್ತದೆ. ನಾನು ಗೇಟಿನ ಹತ್ತಿರ ಹೋಗಿ ನಿಂತಿರಬೇಕು, ಮೊದಲಿಂದ ಹೇಳಿಸಬೇಕು.

ಇಷ್ಟು ಹೊತ್ತು ಕೂತ ನಿಮಗೆ, ಕುರ್ಚಿ ಕೊಟ್ಟ ಕಂಪನಿಗೆ, ತಕ್ಕದ್ದು ಎಂದು ಬರೆದ ಆ ಪುಣ್ಯಾತ್ಮರಿಗೆ, ಕೈ ಅಗಲ ಮಾಡಿ ದಣಿದ ಈ ಮಗುವಿಗೆ ಕೃತಜ್ಞತೆಗಳು. ನಮಸ್ಕಾರ.